ನಲವತ್ತೊಂದನೆಯ ಎದೆ

ಫೆಬ್ರವರಿ 3, 2025, ಸೋಮವಾರ

ಇವತ್ತು ಸೆಂಟರಿನ ಎಕ್ಸ್‌ರೇ ಕಂಪ್ಯೂಟರ್ ಶುರುವಾಗಲು ಇಪ್ಪತ್ತೆರಡು ನಿಮಿಷ. ಶನಿವಾರ ಹದಿನಾಲ್ಕು ಇತ್ತು. ಆನ್ ಮಾಡಿ, ಕಸ ಹೊಡೆದು, ಲೆಡ್ ಏಪ್ರನ್ ಒರೆಸಿ, ಚಹಾ ಕುಡಿದು ಬಂದರೂ ಪರದೆಯ ಮೇಲೆ ಅದೇ ನೀಲಿ ಪಟ್ಟಿ ಓಡುತ್ತಿತ್ತು. ಬೆಂಚಿನ ಮೇಲೆ ಐದು ಜನ. ಒಬ್ಬಾಕೆಯ ಕೈ ಮುರಿದಿದೆ, ಅಳುತ್ತಿದ್ದಾರೆ. ಕಂಪ್ಯೂಟರಿನ ಡಬ್ಬಿಯೊಳಗಿಂದ ಹೊಸ ಶಬ್ದ ಬೇರೆ — ಕಟ್... ಕಟ್... ಉಗುರು ಕತ್ತರಿಸಿದ ಹಾಗೆ.

ಹನ್ನೊಂದಕ್ಕೆ ಸೋಮಲಿಂಗ ಅಂತ ಒಬ್ಬರು ಬಂದರು. ಗುಂಜಿಯವರು. ವಯಸ್ಸು ನಲವತ್ತಾರು, ನೋಡಿದರೆ ಅರವತ್ತು. ರಸ್ತೆಯಿಂದ ನಮ್ಮ ಬಾಗಿಲಿಗೆ ನಾಲ್ಕೇ ಮೆಟ್ಟಿಲು. ಎರಡನೆಯದರ ಮೇಲೆ ನಿಂತುಬಿಟ್ಟರು. ಹೆಂಡತಿ ಕಾಡವ್ವ ಬೆನ್ನಿಗೆ ಕೈ ಕೊಟ್ಟು ಹತ್ತಿಸಿದರು. ಎದೆಯ ಎಕ್ಸ್‌ರೇ. "ಉಸರ ಒಳಗ ತಗೋರಿ, ಹಿಡೀರಿ" ಅಂದರೆ ಹಿಡಿಯಲು ಆಗಲಿಲ್ಲ. ಮೂರನೆಯ ಸಲಕ್ಕೆ ಚಿತ್ರ ಸಿಕ್ಕಿತು. ಎರಡೂ ಶ್ವಾಸಕೋಶದ ತುಂಬ ರವೆ ಚೆಲ್ಲಿದಂಥ ಬಿಳಿ ಚುಕ್ಕೆ. ಫೌಂಡ್ರಿಯಲ್ಲಿ ಹತ್ತು ವರ್ಷ ಎರಕದ ಕಬ್ಬಿಣ ಉಜ್ಜಿದವರು. ಮರಳಿನ ಧೂಳು. ಡಾಕ್ಟರ್ ಒಂದೇ ಶಬ್ದ ಬರೆದರು — ಸಿಲಿಕೋಸಿಸ್.

ಹೊರಡುವಾಗ ಕಾಡವ್ವ ತಿರುಗಿ ಬಂದರು.

"ಅಕ್ಕಾರ, ಇವರ ಎದಿದು ಹಳೇ ಫೋಟೋ ಒಂದ ಬೇಕಾಗಿತ್ರಿ. ಹತ್ತ-ಹನ್ನೊಂದ ವರ್ಷದ ಹಿಂದ ಕಾರ್ಖಾನಿಯವ್ರು ಎಲ್ಲಾರ್ನೂ ಟೆಂಪೋದಾಗ ಹೇರಿಕೊಂಡ ಬಂದು ಇಲ್ಲೇ ತಗಸಿದ್ರು. ಅವಾಗ ಇವರು ಗಟ್ಟಿಮುಟ್ಟ ಇದ್ರು. ಈಗ ಅವ್ರು ಅಂತಾರ, ಈ ಜಡ್ಡ ಊರಿಂದ ತಂದಾನ, ಕೆಲಸಕ್ಕ ಸೇರೂಕಿಂತ ಮೊದಲ ಟಿಬಿ ಇತ್ತು ಅಂತ."

ಪರಿಹಾರದ ಅರ್ಜಿ. ಇದೇ 27ಕ್ಕೆ ವೈದ್ಯರ ಮಂಡಳಿಯ ಮುಂದೆ ವಿಚಾರಣೆ. ಅವತ್ತಿನ ಫಿಲ್ಮ್ ಕಾರ್ಖಾನೆಯವರೇ ಒಯ್ದರು, ಈಗ ಇಲ್ಲವೇ ಇಲ್ಲ ಅನ್ನುತ್ತಾರೆ. ಉಳಿದದ್ದು ನಮ್ಮ ಕಂಪ್ಯೂಟರಿನಲ್ಲಿ ಮಾತ್ರ.

"ಈಗ ತಗದ ಕೊಡ್ತೀನಿ ಕುಂದರ್ರಿ," ಅಂದೆ. ಹೆಸರು ಟೈಪ್ ಮಾಡಿ ಹುಡುಕು ಒತ್ತಿದೆ. ಪರದೆ ಹೆಪ್ಪುಗಟ್ಟಿತು. ಕಟ್. ಕಟ್. ಕಟ್. ಆಫ್ ಮಾಡಿ ಆನ್ ಮಾಡಿದರೆ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ: ಹಾರ್ಡ್ ಡಿಸ್ಕ್ ಕೆಡುವ ಹಂತದಲ್ಲಿದೆ, ಕೂಡಲೇ ಬ್ಯಾಕಪ್ ತೆಗೆದುಕೊಳ್ಳಿ.

ಬ್ಯಾಕಪ್! ಹದಿನೈದು ವರ್ಷದಿಂದ ಹೇಳುತ್ತಿದ್ದೇನೆ. ಡಾಕ್ಟರ್ ಗುರುಪುತ್ರಪ್ಪನವರದು ಒಂದೇ ಉತ್ತರ — "ಮುಂದಿನ ತಿಂಗಳ ನೋಡೂಣು ಪೂರ್ಣಿಮಾ."

ಕಾಡವ್ವನಿಗೆ ಹೇಳಿದೆ, ನಾಲ್ಕು ದಿನ ಕೊಡಿ ಅಂತ.

ಫೆಬ್ರವರಿ 4

ಡಾಕ್ಟರ್ ಮುಂದೆ ನಿಂತು ಹೇಳಿದೆ. ಮುಂದಿನ ತಿಂಗಳು ಅನ್ನಲಿಲ್ಲ. ಆಗಲಿ ಅಂತ ತಲೆಯಾಡಿಸಿದರು.

ಎಕ್ಸ್‌ರೇ ಸಾಫ್ಟ್‌ವೇರ್ ಕೊಟ್ಟ ಕಂಪನಿ ಮುಚ್ಚಿ ಎಷ್ಟೋ ವರ್ಷವಾಯಿತು. ಸಿಡಿ ಇಲ್ಲ. ಬರೀ ಫೈಲು ನಕಲು ಮಾಡಿದರೆ ಚಿತ್ರ ತೆರೆಯುವ ಪ್ರೋಗ್ರಾಮೇ ಇರುವುದಿಲ್ಲ. ಅಂದರೆ ಕ್ಲೋನ್ — ಇಡೀ ಡಿಸ್ಕಿನ ತದ್ರೂಪು, ಮೊದಲ ಚುಕ್ಕೆಯಿಂದ ಕೊನೆಯ ಚುಕ್ಕೆಯವರೆಗೆ, ಹೊಸ ಡಿಸ್ಕಿನ ಮೇಲೆ. ಹಳೆಯದನ್ನು ತೆಗೆದು ಹೊಸದನ್ನು ಹಾಕಿದರೆ ಯಂತ್ರಕ್ಕೆ ಗೊತ್ತೇ ಆಗಬಾರದು.

ಪೇಟೆಯ ಎರಡು ಅಂಗಡಿ ಕೇಳಿದೆ. ಒಬ್ಬ, ಹೊರಗೆ ಕಳಿಸಬೇಕು, ಮೂರು ತಿಂಗಳು ಅಂದ. ಇನ್ನೊಬ್ಬ ಡಿಸ್ಕನ್ನು ಕಿವಿಗೆ ಹಿಡಿದು ಅಲ್ಲಾಡಿಸಿ, "ಹೋತು ಇದು, ಒಗೀರಿ" ಅಂದ. ಕೈಯಿಂದ ಕಸಿದುಕೊಂಡು ಬಂದೆ. ಹೊಸ ಡಿಸ್ಕ್ ತಂದೆ.

ಮಧ್ಯಾಹ್ನ ಸೆಂಟರ್ ಮುಚ್ಚಿದ ಹೊತ್ತಿನಲ್ಲಿ ಎರಡೂ ಡಿಸ್ಕ್ ಲ್ಯಾಪ್‌ಟಾಪಿಗೆ ಜೋಡಿಸಿ, ಇಂಟರ್ನೆಟ್ಟಿನ ಒಂದು ಕ್ಲೋನ್ ಪ್ರೋಗ್ರಾಮ್ ಓಡಿಸಿದೆ. ಶೇಕಡ 37. ನಿಂತಿತು. ಓದುವಲ್ಲಿ ದೋಷ.

ಮತ್ತೆ ಮೊದಲಿಂದ. ಮತ್ತೆ 37.

ಫೆಬ್ರವರಿ 5, ಬುಧವಾರ

29ಕ್ಕೆ ನಿಂತಿತು. ಆಮೇಲೆ 12ಕ್ಕೆ. ಪ್ರತಿ ಸಲ ಕಡಿಮೆ. ಡಿಸ್ಕ್ ಮುಟ್ಟಿದರೆ ಕಾದ ತವೆ.

ತಲೆ ಕೆಟ್ಟು ಒಂದು ಕೆಲಸ ಮಾಡಿದೆ. ವಿಂಡೋಸ್‌ನಲ್ಲೇ ಡಿಸ್ಕ್ ರಿಪೇರಿ ಮಾಡುವ ಒಂದು ಕಮಾಂಡ್ ಇದೆ. ಓಡಿಸಿದೆ. ಓಡಲಿ ಅಂತ ಬಿಟ್ಟು ಗಜಾನನಣ್ಣನಿಗೆ ಫೋನ್. ಮೊದಲು ಇಲ್ಲಿನ ಯಂತ್ರಗಳನ್ನೆಲ್ಲ ನೋಡಿಕೊಳ್ಳುತ್ತಿದ್ದವರು. ಈಗ ಖಾನಾಪುರದಲ್ಲಿ ಸ್ಟೇಷನ್ ರಸ್ತೆಗೆ ಅಂಗಡಿ ಇಟ್ಟಿದ್ದಾರೆ.

"ಈಗ ಏನ ನಡದೈತಿ ಅದರ ಮ್ಯಾಲ?"

"ರಿಪೇರಿ ಹಚ್ಚೀನ್ರಿ."

"ಅರೇ ದೇವಾ! ಕಿತ್ತ ಒಗಿ ವಾಯರ್! ಈಗಿಂದೀಗ ಕಿತ್ತು! ಸಾಯಾಕತ್ತಿದ್ದ ಡಿಸ್ಕಿನ ಮ್ಯಾಲ ಅದು ಬರ್ಯಾಕತ್ತೈತಿ ತಂಗಿ. ಬರೀ ಓದಬೇಕ ಅದನ್ನ, ಒಂದ ಅಕ್ಷರ ಬರೀಬಾರ್ದು!"

ಕಿತ್ತೆ. ಹತ್ತು ನಿಮಿಷ ಓಡಿತ್ತು. ಆ ಹತ್ತು ನಿಮಿಷದಲ್ಲಿ ಏನು ಅಳಿಸಿದೆನೋ, ಯಾರ ಎದೆ, ಯಾರ ಮೊಳಕಾಲು...

ಅವ್ವ ಮಹಾಂತೇಶ ನಗರದ ಮನೆಯಲ್ಲಿ ರೊಟ್ಟಿ ಇಟ್ಟು ಕಾಯುತ್ತಿದ್ದಳು. ಉಣ್ಣಲು ಮನಸ್ಸಾಗಲಿಲ್ಲ. "ಯಾರಿಗೆ ಏನಾಗೇತಿ?" ಅಂತ ಕೇಳಿದಳು. ಡಿಸ್ಕಿಗೆ ಅಂದೆ. ರೊಟ್ಟಿ ಮುಚ್ಚಿಟ್ಟಳು.

ಫೆಬ್ರವರಿ 7, ಶುಕ್ರವಾರ

ಡಾಕ್ಟರ್ ತಾವೇ ಬೋರ್ಡ್ ಬರೆದು ಬಾಗಿಲಿಗೆ ತೂಗುಹಾಕಿದರು — ಎಕ್ಸ್‌ರೇ ಒಂದು ವಾರ ಇಲ್ಲ. ಎಪ್ಪತ್ತೆರಡರ ಕೈ, ಅಕ್ಷರ ಈಗಲೂ ದುಂಡು. "ಹೋಗಿ ಬಾ. ಬಂದವರನ್ನ ಬ್ಯಾರೆ ಕಡೆ ಕಳಸ್ತೀನಿ."

ಎರಡೂ ಡಿಸ್ಕ್ ಟವೆಲಿನಲ್ಲಿ ಸುತ್ತಿ ಊಟದ ಡಬ್ಬಿಯಲ್ಲಿಟ್ಟು ಖಾನಾಪುರದ ಬಸ್ಸು ಹತ್ತಿದೆ. ರಸ್ತೆಯ ಪ್ರತಿ ಹಂಪ್‌ಗೂ ಡಬ್ಬಿ ಎತ್ತಿ ಹಿಡಿದೆ. ಪಕ್ಕದವಳು ಕೇಳಿದಳು, ತತ್ತಿ ಏನ್ರಿ? ಹೌದು ಅಂದೆ.

ಗಜಾನನಣ್ಣ ಬೈಯಲಿಲ್ಲ. ಕನ್ನಡಕ ಏರಿಸಿ ಡಿಸ್ಕಿನ ಮೇಲಿನ ಚೀಟಿ ಓದಿದರು. ಕಾರ್ಖಾನೆ, 27ನೇ ತಾರೀಖು, ಎಲ್ಲ ಹೇಳಿದೆ. ಶಟರ್ ಅರ್ಧ ಇಳಿಸಿದರು.

"ನಿನ್ನ ಪ್ರೋಗ್ರಾಮ ಏನ ಮಾಡತಿತ್ತು ಗೊತ್ತೇನ? ಕೆಟ್ಟ ಜಾಗಾ ಸಿಕ್ಕ ಕೂಡ್ಲೆ ಅಲ್ಲೇ ತಲಿ ಬಡಕೋತ ನಿಲ್ಲತಿತ್ತು. ನಾವು ಹಂಗ ಮಾಡೂದ ಬ್ಯಾಡ. ಚಲೋ ಇದ್ದದ್ದನ್ನ ಮೊದಲ ಎಲ್ಲಾ ತಗೊಳ್ಳೂಣು. ಕೆಟ್ಟದ್ದ ಸಿಕ್ರ ಬಿಟ್ಟ ಮುಂದ ಹೋಗೂಣು. ಕಡೀಕ ಬಂದು ಅದನ್ನ ಒಂದೊಂದ ಹೆಕ್ಕೂಣು. ಎಲ್ಲೆಲ್ಲಿ ಬಿಟ್ಟೀವಿ ಅಂತ ಅದ ನಕಾಶಾ ಬರದ ಇಟ್ಕೋತೈತಿ."

ಲಿನಕ್ಸ್ ತುಂಬಿದ ಒಂದು ಪೆನ್‌ಡ್ರೈವ್. ಕಪ್ಪು ಪರದೆ, ಒಂದೇ ಸಾಲಿನ ಕಮಾಂಡ್. ಮೊದಲು ಎಲ್ಲಿಂದ ಓದಬೇಕು, ಆಮೇಲೆ ಎಲ್ಲಿಗೆ ಬರೆಯಬೇಕು, ಕೊನೆಗೆ ನಕಾಶೆಯ ಹೆಸರು. ಈ ದಿನಚರಿಯ ಹಿಂದಿನ ಪುಟದಲ್ಲೇ ಬರೆದುಕೊಂಡೆ.

ಒಂದು ಗಂಟೆ ಕೂತು ನೋಡಿದೆವು. ದೋಷ, ದೋಷ, ದೋಷ. ಗಜಾನನಣ್ಣ ನನ್ನ ಕೇಬಲ್ ಕಿತ್ತು ಬೆಳಕಿಗೆ ಹಿಡಿದರು. ತುದಿಯ ಬಳಿ ಮಡಚಿದ ಗುರುತು. ಬೇರೆ ಕೇಬಲ್ ಹಾಕಿದರು. ಅರ್ಧಕ್ಕರ್ಧ ದೋಷ ಮಾಯ! ಮೂರು ದಿನ ಒದ್ದಾಡಿದ್ದರಲ್ಲಿ ಅರ್ಧ ಈ ಗೇಣುದ್ದದ ವಾಯರಿಗಾಗಿ.

ಡಿಸ್ಕಿನ ಪಕ್ಕ ಟೇಬಲ್ ಫ್ಯಾನ್ ಇಟ್ಟೆವು. ಸಂಜೆ ಐದೂವರೆಗೆ ಶೇಕಡ 71.

"ಇಲ್ಲೇ ಬಿಟ್ಟ ಹೋಗು, ನಾ ನೋಡ್ಕೋತೀನಿ," ಅಂದರು. ಒಪ್ಪಲಿಲ್ಲ. ಮೂವತ್ತೆಂಟು ಸಾವಿರ ಜನರ ಮೈಯೊಳಗಿನ ಚಿತ್ರ ಅದು. ನನ್ನ ಸುಪರ್ದಿ. ನಿಲ್ಲಿಸಿದರೂ ಪರವಾಗಿಲ್ಲವಂತೆ, ನಕಾಶೆ ಇದೆಯಲ್ಲ — ನಿಲ್ಲಿಸಿದಲ್ಲಿಂದ ಮುಂದುವರಿಯುತ್ತದೆ. ಹೊಸ ಕೇಬಲ್, ಪೆನ್‌ಡ್ರೈವ್ ಕೊಟ್ಟು ಕಳಿಸಿದರು. ಬಸ್ಸಿನ ತನಕ ಬಂದು ಕಿಟಕಿಯಲ್ಲಿ ಮತ್ತೊಮ್ಮೆ — "ಯಾವುದು ಹಳೇದು, ಯಾವುದು ಹೊಸಾದು, ಎಂಟರ್ ಒತ್ತೂಕಿಂತ ಮೊದಲ ಎರಡ ಸಲ ನೋಡು."

ಫೆಬ್ರವರಿ 9, ಭಾನುವಾರ

ಅನಗೋಳದ ಓಣಿಯಲ್ಲಿ ಕ್ರಿಕೆಟ್ ಗದ್ದಲ. ಸೆಂಟರಿನಲ್ಲಿ ನಾನೊಬ್ಬಳೇ. ಬೆಳಿಗ್ಗೆ ಹತ್ತಕ್ಕೆ ನಮ್ಮ ಕಂಪ್ಯೂಟರಿಗೇ ಎರಡೂ ಡಿಸ್ಕ್ ಹಾಕಿ, ಪೆನ್‌ಡ್ರೈವಿನಿಂದ ಶುರು ಮಾಡಿದೆ. ಪರದೆಯ ಗಡಿಯಾರ 2008ರ ಜನವರಿ 1 ತೋರಿಸಿತು. ನಗು ಬಂತು, ಅದನ್ನು ಅಲ್ಲಿಗೇ ಬಿಟ್ಟೆ.

ಹಿಂದಿನ ಪುಟ ತೆರೆದು ಗಜಾನನಣ್ಣ ಹೇಳಿದ ಸಾಲು ಅಕ್ಷರಕ್ಕೆ ಅಕ್ಷರ ಟೈಪ್ ಮಾಡಿದೆ. ಎ-ಯಿಂದ ಓದು, ಬಿ-ಗೆ ಬರೆ. ಬೆರಳು ಎಂಟರ್ ಮೇಲೆ.

ಎರಡು ಸಲ ನೋಡು ಅಂದಿದ್ದರು. ನೋಡಿದ್ದೇನಲ್ಲ, ಅದೇ ಸಾಲು... ಆದರೂ ಡಿಸ್ಕ್‌ಗಳ ಪಟ್ಟಿ ತೆಗೆದೆ.

ಎ — ಹೊಸ ಡಿಸ್ಕ್.

ಬಿ — ಹಳೇ ಡಿಸ್ಕ್.

ಇಲ್ಲಿ ತದ್ವಿರುದ್ಧ. ಖಾನಾಪುರದ ಯಂತ್ರದಲ್ಲಿ ಹಳೆಯದು ಎ ಆಗಿತ್ತು. ಇಲ್ಲಿ ಬೇರೆ ಕಿಂಡಿಗೆ ಚುಚ್ಚಿದ್ದರಿಂದ ಬಿ ಆಗಿದೆ. ಎಂಟರ್ ಒತ್ತಿದ್ದರೆ ಹೊಸ ಡಿಸ್ಕಿನಲ್ಲಿ ಇನ್ನೂ ತುಂಬದ ಖಾಲಿ ಜಾಗವನ್ನೆಲ್ಲ ಹಳೆಯದರ ಮೇಲೆ ಬರೆದುಬಿಡುತ್ತಿದ್ದೆ. ಉಳಿದ ಶೇಕಡ ಇಪ್ಪತ್ತೊಂಬತ್ತೂ ಹೋಗುತ್ತಿತ್ತು.

ಕುರ್ಚಿಯಿಂದ ಎದ್ದೆ. ಹೊರಗೆ ಮೆಟ್ಟಿಲ ಮೇಲೆ ಕೂತು ನೀರು ಕುಡಿದೆ. ಒಳಗೆ ಬಂದು ಹಳೇ ಡಿಸ್ಕಿಗೆ ಕೆಂಪು ಟೇಪ್ ಸುತ್ತಿದೆ. ಎರಡರ ಸೀರಿಯಲ್ ನಂಬರನ್ನೂ ಗಟ್ಟಿಯಾಗಿ ಓದಿದೆ, ಶಾಲೆಯ ಮಗು ಮಗ್ಗಿ ಹೇಳಿದಂತೆ. ಸಾಲು ತಿದ್ದಿದೆ. ಬಿ-ಯಿಂದ ಓದು, ಎ-ಗೆ ಬರೆ.

ಎಂಟರ್.

ಸಂಜೆಗೆ 98.2.

ಫೆಬ್ರವರಿ 10

99.6. ಇನ್ನು ಉಳಿದದ್ದು ಕೆಟ್ಟ ಜಾಗಗಳು ಮಾತ್ರ. ಒಂದೊಂದು ಚೂರಿಗೆ ನಿಮಿಷಗಟ್ಟಲೆ. ಅರ್ಧ ಗಂಟೆಗೊಮ್ಮೆ ನಿಲ್ಲಿಸಿ ತಣ್ಣಗಾಗಲು ಬಿಡುತ್ತೇನೆ.

ಫೆಬ್ರವರಿ 11

ಫೋನಿನಲ್ಲಿ ಗಜಾನನಣ್ಣ: "ಹಿಂದಿನಿಂದ ಮುಂದಕ್ಕ ಓದಸಿ ನೋಡು." ಒಂದು ಅಕ್ಷರ ಸೇರಿಸಿದರೆ ಆಯಿತು, ಕೊನೆಯಿಂದ ಓದುತ್ತದೆ. ಈ ಕಡೆಯಿಂದ ಬಾರದ ಎಷ್ಟೋ ಚೂರು ಆ ಕಡೆಯಿಂದ ಬಂದವು. 99.99.

ಕಾಡವ್ವ ಫೋನ್ ಮಾಡಿದ್ದರು. "ನಾಕ ದಿನ ಅಂದಿದ್ರಲ್ಲ್ರಿ ಅಕ್ಕಾರ..." ದನಿಯಲ್ಲಿ ಸಿಟ್ಟಿಲ್ಲ. ಅದೇ ಕಷ್ಟ.

ಫೆಬ್ರವರಿ 12, ಬುಧವಾರ

ಬೆಳಿಗ್ಗೆ 11.20. ಹಳೇ ಡಿಸ್ಕ್ ನಿಂತಿತು. ಒಂದು ಉದ್ದನೆಯ ಕೀಚು ದನಿ, ಆಮೇಲೆ ಏನೂ ಇಲ್ಲ. ತಣ್ಣಗಾಗಿಸಿ ಎರಡು ಸಲ ನೋಡಿದೆ. ತಿರುಗುವುದೇ ಇಲ್ಲ.

ಹೊರಗುಳಿದದ್ದು ಒಂದು ಚಿಟಿಕೆ. ಐದು ನೂರು ಜಿಬಿಯಲ್ಲಿ ಒಂದು ಫೋಟೋದಷ್ಟು. ಸಾಕು. ಗೆದ್ದೆ ಅಂದುಕೊಳ್ಳುತ್ತೇನೆ.

ಫೆಬ್ರವರಿ 13

ಹೊಸ ಡಿಸ್ಕ್ ಹಾಕಿ ಆನ್ ಮಾಡಿದೆ. ಹಳೆಯ ವಿಂಡೋಸಿನ ಗುರುತು ಮೂಡಿತು... ಆಮೇಲೆ ದೋಷದ ನೀಲಿ ಪರದೆ. ಮತ್ತೆ. ನೀಲಿ ಪರದೆ. ಎಂಟು ಸಲ.

ಗಜಾನನಣ್ಣನ ಮೊದಲ ಪ್ರಶ್ನೆ: "ಗಡಿಯಾರ ಸರಿ ಐತೇನ?"

ಗಡಿಯಾರ! 2008. ಒಳಗಿನ ಗುಂಡಿ ಸೆಲ್ ಸತ್ತಿದೆ. ಖಾನಾಪುರಕ್ಕೆ ಹೋದಾಗ ಪ್ಲಗ್ ಕಿತ್ತಿದ್ದೆನಲ್ಲ, ಆಗ ಯಂತ್ರ ತನ್ನ ಸೆಟ್ಟಿಂಗ್‌ಗಳನ್ನೆಲ್ಲ ಮರೆತಿದೆ. ಡಿಸ್ಕಿನ ಜೊತೆ ಹೊಸ ರೀತಿಯಲ್ಲಿ ಮಾತಾಡಲು ಹೋಗುತ್ತದೆ, ಹಳೇ ವಿಂಡೋಸಿಗೆ ಆ ರೀತಿ ತಿಳಿಯದು. ಕ್ಲೋನಿನ ತಪ್ಪೇನೂ ಇಲ್ಲ. ವಾಚ್ ರಿಪೇರಿಯವನ ಹತ್ತಿರ ಸೆಲ್ ತಂದೆ, ಸೆಟ್ಟಿಂಗ್ ಹಳೆಯದಕ್ಕೆ ತಿರುಗಿಸಿದೆ.

ಐವತ್ತು ಸೆಕೆಂಡ್. ಇಪ್ಪತ್ತೆರಡು ನಿಮಿಷ ಅಲ್ಲ, ಐವತ್ತು ಸೆಕೆಂಡಿನಲ್ಲಿ ಎದ್ದು ಕೂತಿತು! ಡಾಕ್ಟರ್ ಚಪ್ಪಾಳೆ ತಟ್ಟಿದರು, ನಿಜವಾಗಿ.

ಎಕ್ಸ್‌ರೇ ಪ್ರೋಗ್ರಾಮ್ ತೆರೆದೆ. ಸೋಮಲಿಂಗ ಅಂತ ಟೈಪ್ ಮಾಡುವ ಮೊದಲೇ ಒಂದು ಚೌಕ ಬಂತು — ರೋಗಿಗಳ ಪಟ್ಟಿ ತೆರೆಯಲು ಆಗುತ್ತಿಲ್ಲ. ಫೈಲ್ ಹಾಳಾಗಿದೆ.

ಬಾರದೆ ಉಳಿದ ಆ ಒಂದು ಚಿಟಿಕೆ ಅಲ್ಲೇ ಇತ್ತು. ದಿನಕ್ಕೆ ನೂರು ಸಲ ಬರೆಯುವ ಜಾಗ, ಮೊದಲು ಸವೆದದ್ದೂ ಅದೇ. ಅಥವಾ ನಾನು ಓಡಿಸಿದ ಆ ಹತ್ತು ನಿಮಿಷದ ರಿಪೇರಿ. ಯಾವುದೆಂದು ಎಂದೂ ಗೊತ್ತಾಗುವುದಿಲ್ಲ.

ಚಿತ್ರಗಳು ಎಲ್ಲ ಇವೆ. ಯಾವುದು ಯಾರದು ಎಂಬ ಪಟ್ಟಿ ಇಲ್ಲ.

ಫೆಬ್ರವರಿ 17, ಸೋಮವಾರ

ಮೂರು ದಿನ ಬರೆಯಲಿಲ್ಲ. ಬರೆಯಲು ಮುಖ ಇರಲಿಲ್ಲ.

ಮೊದಲು ಮಾಡಿದ್ದು ಕ್ಲೋನಿನ ಕ್ಲೋನ್. ಒಂದು ಪ್ರತಿ ಡಾಕ್ಟರ ಮನೆಯ ಕಪಾಟಿನಲ್ಲಿ. ಆಮೇಲೆ ಹುಡುಕಾಟ. ಪ್ರತಿ ಚಿತ್ರದ ಫೈಲಿನ ಮೇಲೂ ತೆಗೆದ ದಿನಾಂಕ ಇರುತ್ತದೆ, ಒಳಗೆ ರೋಗಿಯ ಹೆಸರೂ ಇರುತ್ತದೆ. ಕಾರ್ಖಾನೆಯವರ ಆ ಎಕ್ಸ್‌ರೇ ಕ್ಯಾಂಪ್ ನಡೆದದ್ದು ಭಾನುವಾರ ಅಂತ ನೆನಪು, 2013ರ ಡಿಸೆಂಬರ್. ಆ ತಿಂಗಳ ಭಾನುವಾರಗಳನ್ನು ಹಾಕಿ ನೋಡಿದೆ. ಡಿಸೆಂಬರ್ 15 — ಒಂದೇ ದಿನ ಅರವತ್ತಮೂರು ಎದೆ. ಸಿಕ್ಕಿತು!

ಒಂದೊಂದೇ ತೆರೆದೆ. ಹೆಸರಿನ ಜಾಗದಲ್ಲಿ: ಕ್ಯಾಂಪ್ 1. ಕ್ಯಾಂಪ್ 2. ಕ್ಯಾಂಪ್ 3...

ಆಮೇಲೆ ಆ ದಿನ ಪೂರ್ತಿ ನೆನಪಾಯಿತು. ಟೆಂಪೋಗಳು ಓಣಿ ಕಟ್ಟಿ ನಿಂತಿದ್ದವು. ಕಾರ್ಖಾನೆಯ ಮ್ಯಾನೇಜರ್ ಕೈಗಡಿಯಾರ ತೋರಿಸುತ್ತಿದ್ದ — ಹೆಸರಿನ ಲಿಸ್ಟ್ ನಮ್ಮ ಕಡೆ ಐತಿ, ನೀವು ನಂಬರ್ ಹಾಕ್ರಿ ಸಾಕು. ಹಾಕಿದೆ. ಇಪ್ಪತ್ತೊಂಬತ್ತು ವರ್ಷದ ಟೆಕ್ನಿಷಿಯನ್ ಪೂರ್ಣಿಮಾ, ಬೇಗ ಮುಗಿದರೆ ಸಾಕು ಅಂತ, ಅರವತ್ತಮೂರು ಮನುಷ್ಯರಿಗೆ ನಂಬರ್ ಹಾಕಿದಳು.

ಡಿಸ್ಕಿನ ತಪ್ಪಲ್ಲ. ನನ್ನದು. ಡಾಕ್ಟರಿಗೆ ಹೇಳಿದೆ.

"ಮುಖ ಬದಲಾಗ್ತಾವ, ಎಲುಬು ಅಷ್ಟ ಸಸಾರ ಬದಲಾಗೂದಿಲ್ಲ," ಅಂದರು ಅವರು. "ಮೂರನೇ ತಾರೀಖಿನ ಫಿಲ್ಮ್ ತಗೊಂಡ ಬಾ."

ಲೈಟ್ ಬಾಕ್ಸಿನ ಮೇಲೆ ಇಟ್ಟೆ. ಇಬ್ಬರೂ ಅವತ್ತು ಬರೀ ಚುಕ್ಕೆ ನೋಡಿದ್ದೆವು. ಇವತ್ತು ಎಲುಬು ನೋಡಿದೆವು. ಎಡಗಡೆಯ ಕೊರಳೆಲುಬಿನ ನಡುವೆ ಒಂದು ಗಂಟು. ಮುರಿದು ಓರೆಯಾಗಿ ಕೂಡಿಕೊಂಡದ್ದು.

ಅದು ಯಾವಾಗ ಮುರಿದದ್ದು? 2013ಕ್ಕಿಂತ ಮೊದಲಾಗಿದ್ದರೆ ಮಾತ್ರ ಉಪಯೋಗ. ಕಾಡವ್ವನ ಫೋನ್ ಹತ್ತುತ್ತಿಲ್ಲ.

ಫೆಬ್ರವರಿ 19, ಬುಧವಾರ

ಗುಂಜಿ. ರೈಲಿಳಿದು ಕೇಳುತ್ತ ಹೋದೆ. ಮನೆಯ ಮುಂದೆ ಎರಡು ಆಡು. ಸೋಮಲಿಂಗ ಹೊರಸಿನ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಮಲಗಿದರೆ ಉಸಿರು ಸಿಗುವುದಿಲ್ಲವಂತೆ, ರಾತ್ರಿಯೂ ಹೀಗೇ. ಮನೆತನ ಕುರಿ ಕಾಯುವವರದು. ಕಾರ್ಖಾನೆಯ ಪಗಾರ ಖಾತ್ರಿ ಅಂತ ಇವರೇ ಮೊದಲು ಹೋದವರು.

ನನ್ನನ್ನು ನೋಡಿ ಕಾಡವ್ವನ ಮುಖ ಅರಳಿತು. "ಸಿಕ್ತರಿ?"

ಸುಳ್ಳು ಹೇಳಲು ಬರುವಂತಿದ್ದರೆ ಅಲ್ಲೇ ಹೇಳುತ್ತಿದ್ದೆ. ಎಲ್ಲ ಹೇಳಿದೆ. ನಂಬರ್ ಹಾಕಿದವಳು ನಾನೇ ಎಂಬುದನ್ನೂ. ಕಾಡವ್ವ ಕೈಯಲ್ಲಿದ್ದ ಚಹಾದ ಲೋಟ ನನಗೆ ಕೊಡದೆ ಕೆಳಗಿಟ್ಟರು.

"ನಮ್ಮ ಹೆಸರ ಬರ್ಯಾಕ ಎಷ್ಟ ಹೊತ್ತ ಹಿಡೀತಿತ್ರಿ ನಿಮಗ?"

ಕೆಳಗಿಟ್ಟ ಲೋಟ ನೋಡುತ್ತ ನಿಂತೆ.

ಸೋಮಲಿಂಗ ಕೈ ಎತ್ತಿ ಹೆಂಡತಿಯನ್ನು ತಡೆದರು. ಮಾತು ತುಂಡು ತುಂಡು. "ಬಂದಾರಲ್ಲ... ಇಲ್ಲೀತನ... ಕೇಳಲಿ ಬಿಡ."

ಎಡಗಡೆ ಕೊರಳ ಹತ್ತಿರ ಯಾವಾಗ ಪೆಟ್ಟಾಗಿತ್ತು ಅಂತ ಕೇಳಿದೆ. ಕೈ ತಾನಾಗಿ ಆ ಗಂಟಿನ ಮೇಲೆ ಹೋಯಿತು. ಹದಿನೈದರಲ್ಲಿ, ಆಡಿಗೆ ತೊಪ್ಪಲು ಕಡಿಯಲು ಆಲದ ಮರ ಹತ್ತಿದ್ದರು. ಟೊಂಗೆಯ ಜೊತೆ ತಾವೂ ಬಿದ್ದರು. ನಾಟಿ ವೈದ್ಯ ಬಿದಿರಿನ ದಬ್ಬೆ ಕಟ್ಟಿದ್ದ. "ಓರೆ ಕೂಡೇತಿ... ಅಂತ ನಮ್ಮವ್ವ... ಬೈಯ್ತಿದ್ಲು."

ಹದಿನೈದು! ಮೂವತ್ತೊಂದು ವರ್ಷ ಹಿಂದೆ.

ಹೊರಡುವಾಗ ಕಾಡವ್ವ ಚಹಾ ಬೇರೆ ಬಿಸಿ ಮಾಡಿ ತಂದರು. ಕುಡಿದೆ.

ಫೆಬ್ರವರಿ 20

ಅರವತ್ತಮೂರು ಎದೆ. ಕೊರಳೆಲುಬು ಮಾತ್ರ ನೋಡುತ್ತ ಹೋದೆ. 22ರಲ್ಲಿ ಎಡಗಡೆ ಗಂಟು. ಕೂಗಿ ಡಾಕ್ಟರನ್ನು ಕರೆದೆ. "ಎಲ್ಲಾ ನೋಡಿ ಮುಗಸು ಮೊದಲ," ಅಂದರು. ಸರಿಯಾಗೇ ಅಂದರು — 41ರಲ್ಲಿಯೂ ಎಡಗಡೆ ಗಂಟು.

ಇಬ್ಬರು.

ಡಾಕ್ಟರ್ ಎರಡನ್ನೂ ಹೊಸ ಫಿಲ್ಮಿನ ಪಕ್ಕ ಇಟ್ಟು ಸ್ಕೇಲ್ ಹಿಡಿದು ಕೂತರು. ಮಧ್ಯಾಹ್ನದ ಊಟ ಬಿಟ್ಟರು. ನಾಲ್ಕಕ್ಕೆ ನನ್ನನ್ನು ಕರೆದು ಪೆನ್ಸಿಲಿನ ತುದಿ ಇಟ್ಟರು. ಬಲಗಡೆ, ನಾಲ್ಕನೆಯ ಪಕ್ಕೆಲುಬು. ಮುಂದಿನ ತುದಿ ಎರಡಾಗಿ ಸೀಳಿದೆ, ಕವೆಯ ಹಾಗೆ. ಹುಟ್ಟಿನಿಂದ ಬಂದದ್ದು, ನೂರರಲ್ಲಿ ಒಬ್ಬರಿಗೆ ಇದ್ದರೆ ಹೆಚ್ಚು. ಹೊಸ ಫಿಲ್ಮಿನಲ್ಲಿ ಇದೆ. 22ರಲ್ಲಿ ಇಲ್ಲ.

41ರಲ್ಲಿ ಇದೆ. ಅದೇ ಕವೆ, ಅದೇ ಓರೆ ಗಂಟು.

ಮತ್ತು ಆ ಎದೆ — ಎರಡೂ ಕಡೆ ಸ್ವಚ್ಛ ಕಪ್ಪು. ಒಂದು ಚುಕ್ಕೆ ಇಲ್ಲ. ಮೂವತ್ತನಾಲ್ಕು ವರ್ಷದ ಗಂಡಸು ಉಸಿರನ್ನು ಪೂರ್ತಿ ಒಳಗೆಳೆದು, ನಾನು ಹೇಳಿದಷ್ಟು ಹೊತ್ತು ಹಿಡಿದು ನಿಂತಿದ್ದಾನೆ.

ಅತ್ತುಬಿಟ್ಟೆ. ಡಾಕ್ಟರ್ ಮುಖ ತಿರುಗಿಸಿ ಕನ್ನಡಕ ಒರೆಸಿಕೊಂಡರು.

ಫೆಬ್ರವರಿ 24

ಡಾಕ್ಟರ್ ವರದಿ ಬರೆದು ಮುಗಿಸಿದರು. ಕೊಡುವಾಗ ಕೈ ಹಿಂದೆಳೆದರು. ಉಳಿದ ಅರವತ್ತೆರಡನ್ನೂ ನೋಡಿದ್ದಾರೆ, ನಿನ್ನೆ ಒಬ್ಬರೇ ಕೂತು. ಹನ್ನೊಂದು ಜನರಲ್ಲಿ ಆಗಲೇ ಚುಕ್ಕೆ ಶುರುವಾಗಿತ್ತು.

"ನಾ ಅವಾಗ ಬರದ ಕೊಟ್ಟಿದ್ದೆ ಪೂರ್ಣಿಮಾ. ಹನ್ನೊಂದೂ ನಂಬರ್ ಬರದು, ಇವರನ್ನ ಧೂಳಿನಿಂದ ತಗೀರಿ ಅಂತ ಬರದು, ಲಕೋಟಿ ಹಚ್ಚಿ ಕಾರ್ಖಾನಿಗೆ ಕಳಿಸಿದ್ದೆ."

"ಆ ಮಂದಿಗೆ ಹೇಳಿದ್ರೇನ್ರಿ?"

"ಮಂದಿ ಯಾರು ಅಂತ ನನಗ ಗೊತ್ತಿರಲಿಲ್ಲ. ಕೇಳಲೂ ಇಲ್ಲ."

ನಂಬರ್ ಹಾಕಿದವಳು ನಾನು. ಕೈ ಚಾಚಿ ವರದಿ ತೆಗೆದುಕೊಂಡೆ.

ಫೆಬ್ರವರಿ 27, ಗುರುವಾರ

ನಿನ್ನೆ ಶಿವರಾತ್ರಿಯ ಉಪವಾಸ, ಇವತ್ತು ವಿಚಾರಣೆ ಮುಗಿಯುವ ತನಕ ಹಸಿವೇ ಆಗಲಿಲ್ಲ.

ಮೂವರು ವೈದ್ಯರು ಮೇಜಿನ ಆಚೆ. ನಡುವೆ ಕೂತ ಅಧ್ಯಕ್ಷೆ ಹೆಚ್ಚು ಮಾತಿನವರಲ್ಲ. ಕಾರ್ಖಾನೆಯ ವಕೀಲ ಫಿಲ್ಮ್ ಎತ್ತಿ ತೋರಿಸಿದ.

"ಇದರ ಮ್ಯಾಲ ಹೆಸರ ಎಲ್ಲೈತ್ರಿ? ಕ್ಯಾಂಪ್ ನಲವತ್ತೊಂದು. ಇದು ಯಾರದರೆ ಎದಿ ಇರಬಹುದು."

ಅಧ್ಯಕ್ಷೆ ಕೇಳಿದರು — ಹೆಸರು ಹಾಕದೆ ನಂಬರ್ ಹಾಕಿದ್ದು ಯಾರು?

ಎದ್ದು ನಿಂತೆ. "ನಾನ್ರಿ."

"ಯಾಕ?"

"ಕಾರ್ಖಾನಿಯವ್ರು ಹೆಸರಿನ ಲಿಸ್ಟ್ ತಮ್ಮ ಕಡೆ ಐತಿ ಅಂದ್ರ್ರಿ. ನಾ ಕೇಳಬೇಕಾಗಿತ್ತು, ಕೇಳಲಿಲ್ಲ. ತಪ್ಪ ನಂದು. ಆದ್ರ ಲಿಸ್ಟ್ ಇನ್ನೂ ಅವ್ರ ಕಡೇನ ಇರಬೇಕಲ್ಲ್ರಿ. ತರಸ್ರಿ. ನಲವತ್ತೊಂದ ಯಾರು ಅಂತ ಅವರ ಕಾಗದನ ಹೇಳಲಿ."

ವಕೀಲ ಕಾಗದ ತಿರುವಿದ. ಅಷ್ಟು ಹಳೆಯ ದಾಖಲೆ ಉಳಿದಿಲ್ಲ ಅಂದ.

ಡಾಕ್ಟರ್ ಎದ್ದರು. ಎರಡು ಫಿಲ್ಮ್ ಲೈಟ್ ಬಾಕ್ಸಿಗೆ ಹಾಕಿದರು. ಕೊರಳೆಲುಬು, ಪಕ್ಕೆಲುಬು. ಹತ್ತು ನಿಮಿಷ ಪಾಠ ಮಾಡಿದಂತೆ ಹೇಳಿದರು, ದನಿ ಏರಿಸಲಿಲ್ಲ. ಅಧ್ಯಕ್ಷೆ ಕುರ್ಚಿ ಬಿಟ್ಟು ಬಂದು ಹತ್ತಿರದಿಂದ ನೋಡಿದರು. ಆಮೇಲೆ ಸೋಮಲಿಂಗನ ಮುಂದೆ ನಿಂತು, "ಅಂಗಿ ಗುಂಡಿ ಒಂದ ಬಿಚ್ಚರಿ" ಅಂದು ತಾವೇ ಆ ಗಂಟನ್ನು ಬೆರಳಿನಿಂದ ಮುಟ್ಟಿ ನೋಡಿದರು.

ಎರಡು ವಾರದಲ್ಲಿ ಆದೇಶವಂತೆ.

ಮಾರ್ಚ್ 12, ಬುಧವಾರ

ಆದೇಶ ಬಂತು. ಚಿತ್ರ ಸೋಮಲಿಂಗನದೇ ಎಂದು ಮಂಡಳಿ ಒಪ್ಪಿದೆ. ಕಾಯಿಲೆ ಕೆಲಸದಿಂದ ಬಂದದ್ದು. ಕಾರ್ಖಾನೆ ಪರಿಹಾರ ಕೊಡಬೇಕು, ಚಿಕಿತ್ಸೆ ನೋಡಿಕೊಳ್ಳಬೇಕು. ಕಾಡವ್ವ ಫೋನಿನಲ್ಲಿ ಓದಿಸಿ ಕೇಳಿದರು, ಎರಡು ಸಲ. ಅತ್ತರೋ ನಕ್ಕರೋ ತಿಳಿಯಲಿಲ್ಲ. "ಉಸರಿನ ಮಿಷಿನ್ ಬರ್ತದಂತರಿ ಮನಿಗೆ. ಮಲಗಬಹುದು ಇನ್ನ."

ಆಮೇಲೆ ಸೋಮಲಿಂಗನಿಗೆ ಕೊಡಿ ಅಂದೆ. ಆ ದಿನ ಸಾಲಿನಲ್ಲಿ ನಿಮ್ಮ ಹಿಂದೆ ಮುಂದೆ ಯಾರಿದ್ದರು, ನೆನಪಿದೆಯಾ?

"ಅದೆಂಗ ಮರೀತೈತ್ರಿ... ಕೆಲಸದ ಪಾಳಿ ಪ್ರಕಾರ ನಿಂತಿದ್ವಿ. ದಿನಾ... ಬಾಜೂ ಕುಂತ... ಉಂಡೋರು."

ಹೇಳುತ್ತ ಹೋದರು, ನಿಂತು ನಿಂತು. ಬರೆದುಕೊಂಡೆ. ಈ ಸಲ ಹೆಸರು, ಅಪ್ಪನ ಹೆಸರು, ಊರು. ನಲವತ್ತು — ಸಿದರಾಯ, ಖಾನಾಪುರದ ಕಡೆಯವರು, ಈಗ ಅನಗೋಳದಲ್ಲೇ ಬಾಡಿಗೆ. ನಲವತ್ತೆರಡು, ನಲವತ್ತಮೂರು... ಇಪ್ಪತ್ತಾರು ಹೆಸರು. ಹನ್ನೊಂದರಲ್ಲಿ ಏಳು ಅದರೊಳಗಿವೆ. ಅವರಲ್ಲಿ ಇಬ್ಬರು ತೀರಿಕೊಂಡಿದ್ದಾರೆ ಅಂದರು. ಟಿಬಿ ಅಂತ ಹೇಳಿದ್ದರಂತೆ.

ಮಾರ್ಚ್ 15, ಶನಿವಾರ, ಮಧ್ಯಾಹ್ನ 2.10

ಡಾಕ್ಟರ್ ಹನ್ನೊಂದೂ ವರದಿಯನ್ನು ಹೊಸದಾಗಿ ಬರೆದಿಟ್ಟಿದ್ದಾರೆ, ಲಕೋಟೆ ಅಂಟಿಸಿಲ್ಲ. ಇವರ ಎಕ್ಸ್‌ರೇ ಇನ್ನು ನಮ್ಮಲ್ಲಿ ಪುಕ್ಕಟೆ, ಯಾವಾಗ ಬಂದರೂ. ಸಿದರಾಯನ ನಂಬರ್ ಇವತ್ತು ಸಿಕ್ಕಿತು. ಹನ್ನೊಂದರಲ್ಲಿ ಒಬ್ಬ. ಈಗಷ್ಟೇ ಫೋನ್ ಮಾಡಿದೆ. ಹೆಂಡತಿ ಬಾಳವ್ವ ಎತ್ತಿದರು. ಸಿದರಾಯ ಅವರು ಇದ್ದಾರೇನ್ರಿ ಅಂತ ಕೇಳಿದೆ, ಉತ್ತರ ಏನು ಬರುತ್ತದೋ ಅಂತ ಹೆದರುತ್ತಲೇ.

"ಇದ್ದಾರ್ರಿ. ಕೆಲಸಕ್ಕ ಹೋಗ್ಯಾರ."

"ಎಲ್ಲಿ ಕೆಲಸರಿ ಈಗ?"

"ಎಲ್ಲೀದ ಏನ್ರಿ, ಅದ ಕಾರ್ಖಾನಿ. ಹದಿನೆಂಟ ವರ್ಷ ಆತು. ಕೆಮ್ಮ ಒಂದ ಜಾಸ್ತಿ ಆಗೇತಿ, ಬ್ಯಾರೆ ಏನಿಲ್ಲ. ಯಾರ್ರಿ ನೀವು?"

ಇನ್ನೂ ಅಲ್ಲೇ. ಅದೇ ಧೂಳಿನಲ್ಲಿ. ಮೂರಕ್ಕೆ ಪಾಳಿ ಬಿಡುತ್ತದಂತೆ. ಫೋನಿನಲ್ಲಿ ಹೇಳುವ ಮಾತಲ್ಲ ಇದು. ಗೇಟಿನ ಹತ್ತಿರ ಹೋಗಿ ನಿಂತರೆ — ಮುಖ ಗೊತ್ತಿಲ್ಲ, ಹೆಸರು ಹಿಡಿದು ಕೂಗುತ್ತೇನೆ. ಡಾಕ್ಟರ್ ನಾನೂ ಬರುತ್ತೇನೆ ಅಂತ ಚಪ್ಪಲಿ ಹಾಕಿಕೊಳ್ಳುತ್ತಿದ್ದಾರೆ. ಸ್ಕೂಟಿಯಲ್ಲಿ ಹದಿನೈದು ನಿಮಿಷ, ಟ್ರಾಫಿಕ್ ಇದ್ದರೆ — ಡಾಕ್ಟರ್ ಕರೆಯುತ್ತಿದ್ದಾರೆ, ಹೊರಟೆ.